ಕಾಳುಮೆಣಸಿನ ದಾರಿಯ ಸುಂಕದ ಬಾಗಿಲುಗಳು

ಕ್ರಿಸ್ಮಸ್ ಹಬ್ಬವನ್ನು ಮಂಗಳೂರು ಕಡೆಯ ನಮ್ಮ ಕೊಂಕಣಿ ಬಂಧುಗಳು ‘ನತಾಲಾಂ’ ಎಂದು ಕರೆಯುವುದು ನಮಗೆಲ್ಲ ಗೊತ್ತಿದೆ. ಪೋರ್ಚುಗೀಸ್ ಭಾಷೆಯಲ್ಲಿ ‘ನತಾಲ್’ ಎಂದರೆ ಕ್ರಿಸ್ತಜಯಂತಿ. ಭೂಪಟವನ್ನು ಬಿಡಿಸಿ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯನ್ನು ನೋಡಿದರೆ ಅಲ್ಲಿಯೂ ಅದೇ ಹೆಸರು ಸಿಗುತ್ತದೆ. 1497ರ ಕ್ರಿಸ್ಮಸ್ ಸಮಯದಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಆ ತೀರದ ಎದುರು ಸಾಗುತ್ತಿದ್ದವು. ಅದಕ್ಕಾಗಿ ಅದು ನತಾಲ್ ಆಯಿತು. ಬ್ರೆಜಿಲ್ ದೇಶದಲ್ಲಿ ಪಾಸ್ಕ ಬೆಟ್ಟ ಎಂಬ ಅರ್ಥದ ಹೆಸರಿನ ಒಂದು ಬೆಟ್ಟವಿದೆ. 1500ರ ಏಪ್ರಿಲ್ 22ರಂದು, ಪಾಸ್ಕ ಹಬ್ಬದ ವಾರದಲ್ಲೇ, ಕಬ್ರಾಲನ ನಾವಿಕರಿಗೆ ಅದು ಮೊದಲು ಕಂಡಿತು. ಕೊಲಂಬಸ್ 1493ರ ನವೆಂಬರ್ 3ರಂದು ಕಂಡ ದ್ವೀಪಕ್ಕೆ ದೊಮಿನಿಕ ಎಂಬ ಹೆಸರು ಬಂದದ್ದು ಅಂದು ಪ್ರಭುವಿನ ದಿನವಾದ ಭಾನುವಾರವಾಗಿದ್ದರಿಂದ. ನಮ್ಮ ಪೂಜಾವಿಧಿಯ ಪಂಚಾಂಗವನ್ನು ಯಾರೋ ಹಡಗಿನಲ್ಲಿ ಹೊತ್ತುಕೊಂಡು ಹೋಗಿ ಸಮುದ್ರತೀರದ ಉದ್ದಕ್ಕೂ ಹಂಚಿದಂತೆ ಕಾಣುತ್ತದೆ.

ಹಾಗಾದರೆ ಆ ಹಡಗುಗಳು ಹೊರಟದ್ದು ಯಾವ ಉದ್ದೇಶಕ್ಕೆ? ಭಕ್ತಿಗಾಗಿ ಎಂದು ಕೆಲವರು ಹೇಳುತ್ತಾರೆ, ಬರೀ ದುಡ್ಡಿಗಾಗಿ ಎಂದು ಇನ್ನು ಕೆಲವರು. ಹೊರಟವರ ಮನಸ್ಸಿನಲ್ಲಿ ಎರಡೂ ಇದ್ದವು ಎಂಬುದಕ್ಕೆ ಸಾಕಷ್ಟು ಸಾಕ್ಷಿಗಳಿವೆ. ಆದರೆ ಹಡಗು ಯಾವ ದಿಕ್ಕಿಗೆ ಮುಖ ಮಾಡಬೇಕು, ಎಲ್ಲಿ ಲಂಗರು ಹಾಕಬೇಕು ಎಂಬುದನ್ನು ನಿರ್ಧರಿಸಿದ್ದು ಮತ್ತೊಂದು ಸಂಗತಿ. ಹಳೆಯ ವ್ಯಾಪಾರದ ದಾರಿಗಳಲ್ಲಿ ಸುಂಕದ ಬಾಗಿಲು ಯಾರ ಕೈಯಲ್ಲಿತ್ತು ಎಂಬುದೇ ಆ ಸಂಗತಿ.

ಆ ಹಳೆಯ ದಾರಿಯನ್ನು ಒಮ್ಮೆ ನಡೆದು ನೋಡೋಣ. ಮಲೆನಾಡಿನ, ಮಲಬಾರಿನ ಬಳ್ಳಿಗಳಲ್ಲಿ ಬೆಳೆದ ಕಾಳುಮೆಣಸನ್ನು ಕೊಯ್ದು ಒಣಗಿಸಿ ಕಲ್ಲಿಕೋಟೆಯಂತಹ ಬಂದರಿಗೆ ತರುತ್ತಿದ್ದರು. ಅಲ್ಲಿಂದ ಅರಬರ ಮತ್ತು ಗುಜರಾತಿಗಳ ಹಡಗುಗಳು ಮಳೆಗಾಲದ ಗಾಳಿಯ ಲೆಕ್ಕ ಹಿಡಿದು ಏಡನ್ ಬಂದರಿಗೂ ಕೆಂಪು ಸಮುದ್ರದ ಜೆದ್ದಾಕ್ಕೂ ಒಯ್ಯುತ್ತಿದ್ದವು. ಮುಂದೆ ಒಂಟೆಯ ಬೆನ್ನು, ಕೈರೋ ಪೇಟೆ, ನೈಲ್ ನದಿಯ ದೋಣಿ, ಕೊನೆಗೆ ಅಲೆಕ್ಸಾಂಡ್ರಿಯ. ಅಲೆಕ್ಸಾಂಡ್ರಿಯದಲ್ಲಿ ವೆನಿಸ್ ನಗರದ ವರ್ತಕರು ಮೂಟೆಗಳನ್ನು ಕೊಂಡು ತಮ್ಮ ಹಡಗುಗಳಿಗೆ ತುಂಬುತ್ತಿದ್ದರು. ವೆನಿಸ್ಸಿನಿಂದ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್. ಒಂದೊಂದು ಕೈ ದಾಟಿದಾಗಲೂ ಒಬ್ಬ ದಲ್ಲಾಳಿಯ ಲಾಭ, ಒಬ್ಬ ದೊರೆಯ ಸುಂಕ. 1420ರ ದಶಕದಲ್ಲಿ ಈಜಿಪ್ಟಿನ ಮಮಲೂಕ ಸುಲ್ತಾನ ಬರ್ಸ್‌ಬೇ ಸುಂಕದಿಂದಲೂ ತೃಪ್ತನಾಗದೆ, ಮೆಣಸಿನ ಮಾರಾಟವನ್ನೇ ತನ್ನ ಏಕಸ್ವಾಮ್ಯ ಮಾಡಿಕೊಂಡ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ ಎಂಬುದು ನಮ್ಮ ಗಾದೆಗೆ ಗೊತ್ತಿದ್ದಂತೆ ವೆನಿಸ್ಸಿನವರಿಗೂ ಗೊತ್ತಿತ್ತು. ಅವರು ಗೊಣಗಿದರು, ಕೊಟ್ಟರು, ಕೊಟ್ಟದ್ದನ್ನು ತಮ್ಮ ಗಿರಾಕಿಗಳ ತಲೆಗೆ ಕಟ್ಟಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶಾಲೆಯ ಪಾಠಗಳಲ್ಲಿ ನಾವೆಲ್ಲ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ್ದೇವೆ: 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಹಿಡಿದರು, ಪೂರ್ವದ ದಾರಿ ಮುಚ್ಚಿಹೋಯಿತು, ಆದ್ದರಿಂದ ಯೂರೋಪಿನವರು ಸಮುದ್ರಮಾರ್ಗ ಹುಡುಕಿದರು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆ. ಆದರೆ ಮೆಣಸಿನ ದೊಡ್ಡ ದಾರಿ ಕಾನ್‌ಸ್ಟಾಂಟಿನೋಪಲ್ ಮೇಲೆ ಹೋಗುತ್ತಿರಲಿಲ್ಲ. ಅದು ಈಜಿಪ್ಟ್, ಸಿರಿಯಗಳ ಮೇಲೆ ಹೋಗುತ್ತಿತ್ತು. ಈಜಿಪ್ಟ್ ತುರ್ಕರ ಕೈಗೆ ಬಂದದ್ದು 1517ರಲ್ಲಿ, ಅಂದರೆ ಗಾಮ ಕಲ್ಲಿಕೋಟೆಗೆ ಬಂದು ಹತ್ತೊಂಬತ್ತು ವರ್ಷ ಕಳೆದ ಮೇಲೆ. ಪೋರ್ಚುಗೀಸರ ಹುಡುಕಾಟವಾದರೋ 1453ಕ್ಕಿಂತ ದಶಕಗಳ ಮೊದಲೇ ಶುರುವಾಗಿತ್ತು. ದಾರಿ ಮುಚ್ಚಿರಲಿಲ್ಲ. ಬಾಗಿಲು ತೆರೆದೇ ಇತ್ತು, ಆದರೆ ಅದರ ಬೀಗದ ಕೈ ಒಂದು ಬದಿಯಲ್ಲಿ ಸುಲ್ತಾನನ ಬಳಿ, ಇನ್ನೊಂದು ಬದಿಯಲ್ಲಿ ವೆನಿಸ್ಸಿನ ಬಳಿ ಇತ್ತು.

ಹೊಸ ದಾರಿ ಹುಡುಕಲು ವೆನಿಸ್ ಏಕೆ ಹೊರಡಲಿಲ್ಲ ಎಂದು ಕೇಳಿಕೊಂಡರೆ ಎಲ್ಲವೂ ಅರ್ಥವಾಗುತ್ತದೆ. ಅಂದಿನ ಯೂರೋಪಿನಲ್ಲಿ ಹಡಗು, ಹಣ, ನಾವಿಕರು ಯಾವುದಕ್ಕೂ ವೆನಿಸ್ಸಿಗೆ ಕೊರತೆಯಿರಲಿಲ್ಲ. ಆದರೆ ಬಾಗಿಲೊಳಗೆ ಕುಳಿತವನಿಗೆ ಗೋಡೆ ಹಾರುವ ಅಗತ್ಯವೇನು? ಹಾರಲು ನೋಡಿದವರು ಹೊರಗೆ ನಿಂತವರು. ವೆನಿಸ್ಸಿನ ಎದುರಾಳಿಯಾದ ಜಿನೋವ ನಗರದ ವಿವಾಲ್ದಿ ಸಹೋದರರು 1291ರಲ್ಲೇ ಎರಡು ಹಡಗು ಕಟ್ಟಿಕೊಂಡು ಜಿಬ್ರಾಲ್ಟರ್ ದಾಟಿ, ಅಟ್ಲಾಂಟಿಕ್ ಸಾಗರದ ಮೂಲಕ ಇಂಡಿಯಾಕ್ಕೆ ಹೋಗುತ್ತೇವೆಂದು ಹೊರಟರು. ಅವರು ಮರಳಿ ಬರಲೇ ಇಲ್ಲ. ಅದೇ 1291ರಲ್ಲಿ ಕ್ರೈಸ್ತರ ಕೊನೆಯ ಕೋಟೆ ಆಕ್ರ ಮಮಲೂಕರ ವಶವಾಗಿತ್ತು. ಪೋಪ್ ನಾಲ್ಕನೇ ನಿಕೋಲಾಸ್‌ರವರು ಈಜಿಪ್ಟಿನೊಂದಿಗೆ ವ್ಯಾಪಾರ ಮಾಡಬಾರದೆಂದು ಕ್ರೈಸ್ತ ವರ್ತಕರಿಗೆ ಆಜ್ಞೆ ಮಾಡಿದ್ದರು. ಕೆಲವು ದಶಕಗಳ ನಂತರ ವೆನಿಸ್ ರೋಮಿನಿಂದಲೇ ಅನುಮತಿ ಪಡೆದು ಅಲೆಕ್ಸಾಂಡ್ರಿಯಕ್ಕೆ ಮತ್ತೆ ಹಡಗು ಕಳಿಸಿತು. ಧರ್ಮಸಭೆ ಈ ಕಥೆಯಲ್ಲಿ ದೂರ ನಿಂತು ನೋಡಿದ ಸಾಕ್ಷಿಯಲ್ಲ ಎಂಬುದು ಇಲ್ಲಿಂದಲೇ ಕಾಣುತ್ತದೆ.

ಎಲ್ಲರಿಗಿಂತ ಹೊರಗೆ, ಯೂರೋಪಿನ ತುತ್ತತುದಿಯಲ್ಲಿ ನಿಂತಿದ್ದದ್ದು ಪೋರ್ಚುಗಲ್. ಸುಮಾರು ಹತ್ತು ಲಕ್ಷ ಜನರ ಬಡ ರಾಜ್ಯ. 1415ರಲ್ಲಿ ಅದು ಸಮುದ್ರ ದಾಟಿ ಆಫ್ರಿಕಾದ ಸೆಉಟ ನಗರವನ್ನು ಹಿಡಿಯಿತು. ಸಹಾರ ಮರುಭೂಮಿ ದಾಟಿ ಬರುವ ಚಿನ್ನದ ಒಂಟೆಸಾಲುಗಳು ಮುಟ್ಟುವ ಊರು ಅದು. ನಗರ ಸಿಕ್ಕಿತು, ಚಿನ್ನ ಸಿಗಲಿಲ್ಲ. ಒಂಟೆಸಾಲುಗಳು ಬೇರೆ ಊರುಗಳ ಕಡೆ ತಿರುಗಿಕೊಂಡವು. ಸಂತೆ ಮೈದಾನಕ್ಕೆ ಬೇಲಿ ಹಾಕಿದರೆ ಸಂತೆ ನಮ್ಮದಾಗುವುದಿಲ್ಲ. ಚಿನ್ನ ಬೇಕಾದರೆ ಅದು ಹುಟ್ಟುವ ಜಾಗಕ್ಕೇ ಹೋಗಬೇಕು, ಮರುಭೂಮಿಯ ಬದಿಯಿಂದ ಸಮುದ್ರದಲ್ಲೇ ಇಳಿಯಬೇಕು ಎಂಬ ಯೋಚನೆಗೆ ರಾಜಕುಮಾರ ಹೆನ್ರಿ ಬೆನ್ನೆಲುಬಾದ. 1434ರಲ್ಲಿ ಗಿಲ್ ಎಯಾನೆಸ್ ಎಂಬ ನಾವಿಕ ಎಲ್ಲರೂ ಹೆದರುತ್ತಿದ್ದ ಬೊಜಡೋರ್ ಭೂಶಿರವನ್ನು ದಾಟಿದ.

ದಾಟಿದ ಮೇಲೆ ಬಂದದ್ದು ಬರೀ ಚಿನ್ನವಲ್ಲ. 1444ರ ಆಗಸ್ಟ್ ತಿಂಗಳಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ 235 ಮಂದಿ ಆಫ್ರಿಕನ್ನರನ್ನು ಇಳಿಸಿ ಪಾಲು ಹಂಚಿದರು. ತಂದೆ ಒಂದು ಪಾಲಿಗೆ, ಮಗ ಇನ್ನೊಂದು ಪಾಲಿಗೆ. ಐದನೇ ಒಂದು ಭಾಗವಾಗಿ 46 ಮಂದಿ ರಾಜಕುಮಾರ ಹೆನ್ರಿಗೆ ಸಂದರು. ಆತನ ಆಸ್ಥಾನದ ಚರಿತ್ರೆಕಾರನೇ, ರಾಜಕುಮಾರನನ್ನು ಹೊಗಳುವ ಪುಸ್ತಕದಲ್ಲೇ, ತಾಯಂದಿರು ಮಕ್ಕಳನ್ನು ಅಪ್ಪಿಕೊಂಡು ನೆಲಕ್ಕೆ ಬಿದ್ದದ್ದನ್ನು ಬರೆದಿದ್ದಾನೆ.

ಈ ಹೊಸ ದಾರಿಗೆ ಬೇರೆ ಯಾರೂ ಬರಬಾರದೆಂದು ಪೋರ್ಚುಗಲ್ ರಾಜ ರೋಮಿನ ಮೊರೆಹೊಕ್ಕ. 1452 ಮತ್ತು 1455ರ ಆಜ್ಞಾಪತ್ರಗಳಲ್ಲಿ ಪೋಪ್ ಐದನೇ ನಿಕೋಲಾಸ್‌ರವರು ಆತ ಕೇಳಿದ್ದನ್ನು ಕೊಟ್ಟರು. ಬೊಜಡೋರ್ ಭೂಶಿರದಾಚೆ ಪೋರ್ಚುಗಲ್ ರಾಜನ ಅಪ್ಪಣೆಯಿಲ್ಲದೆ ಹಡಗು ನಡೆಸುವ, ವ್ಯಾಪಾರ ಮಾಡುವ ಕ್ರೈಸ್ತರಿಗೆ ಧರ್ಮಸಭೆಯಿಂದ ಬಹಿಷ್ಕಾರ. ಅಷ್ಟೇ ಆಗಿದ್ದರೆ ಅದೊಂದು ವ್ಯಾಪಾರದ ಗುತ್ತಿಗೆ ಎಂದು ಸುಮ್ಮನಿರಬಹುದಿತ್ತು. ಆದರೆ ಆ ಪತ್ರಗಳು ಮುಸ್ಲಿಮರನ್ನೂ ಇತರ ಅಕ್ರೈಸ್ತರನ್ನೂ ಗೆದ್ದು, ಅವರ ಆಸ್ತಿಯನ್ನು ತೆಗೆದುಕೊಂಡು, ಅವರನ್ನು ಶಾಶ್ವತ ಗುಲಾಮರನ್ನಾಗಿಸುವ ಹಕ್ಕನ್ನೂ ರಾಜನಿಗೆ ಕೊಟ್ಟವು. ಇದನ್ನು ಬರೆಯುವಾಗ ನಮಗೆ ಸಂಕಟವಾಗುತ್ತದೆ. ಹಾಗೆಂದು ಬರೆಯದೆ ಬಿಡಲಾಗುವುದಿಲ್ಲ, ಏಕೆಂದರೆ ಸುಂಕದ ಬಾಗಿಲಿಗೆ ನಮ್ಮ ಧರ್ಮದ ಮುದ್ರೆ ಬಿದ್ದದ್ದು ಇಲ್ಲಿಯೇ.

ಮುಂದಿನದು ಬೇಗ ಬೇಗ ನಡೆಯಿತು. 1469ರಲ್ಲಿ ಲಿಸ್ಬನ್ನಿನ ಫೆರ್ನಾವೊ ಗೋಮೆಸ್ ಎಂಬ ವರ್ತಕನಿಗೆ ಗಿನಿ ತೀರದ ವ್ಯಾಪಾರವನ್ನು ಗುತ್ತಿಗೆಗೆ ಕೊಟ್ಟರು. ಷರತ್ತು ಏನೆಂದರೆ ವರ್ಷಕ್ಕೆ 100 ಲೀಗ್ ಹೊಸ ಕರಾವಳಿಯನ್ನು ಆತ ಕಂಡುಹಿಡಿಯಬೇಕು. ಹೊಸ ನೆಲವನ್ನು ಕಾಣುವುದೂ ಗುತ್ತಿಗೆಯ ಕೆಲಸವಾಯಿತು! 1482ರಲ್ಲಿ ಚಿನ್ನದ ತೀರದಲ್ಲಿ ಮೀನ ಎಂಬ ಕೋಟೆ ಎದ್ದಿತು. 1488ರಲ್ಲಿ ಬಾರ್ತೊಲೊಮೆಉ ದಿಯಸ್ ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿದ. ಅದಕ್ಕೆ ಒಂದು ವರ್ಷ ಮೊದಲು ರಾಜ ಎರಡನೇ ಜೊವಾವೊ, ಅರಬ್ಬಿ ಭಾಷೆ ಬಲ್ಲ ಪೆರೊ ದ ಕೊವಿಲ್ಯಾ ಎಂಬಾತನನ್ನು ನೆಲದ ದಾರಿಯಲ್ಲಿ ಗುಪ್ತವಾಗಿ ಕಳಿಸಿದ್ದ. ಕೊವಿಲ್ಯಾ ಕೈರೋ, ಏಡನ್ ಮೂಲಕ ಕಣ್ಣಾನೂರು, ಕಲ್ಲಿಕೋಟೆ, ಗೋವೆಗಳನ್ನು ನೋಡಿ, ಯಾವ ಸರಕು ಎಲ್ಲಿಂದ ಬರುತ್ತದೆ ಎಂಬ ವರದಿಯನ್ನು ಕೈರೋದಿಂದ ಕಳಿಸಿ, ಇಥಿಯೋಪಿಯಕ್ಕೆ ಹೋಗಿ ಅಲ್ಲೇ ಉಳಿಯಬೇಕಾಯಿತು. 1520ರಲ್ಲಿ ಪೋರ್ಚುಗೀಸ್ ರಾಯಭಾರಿಗಳು ಅಲ್ಲಿಗೆ ಹೋದಾಗ ಆತ ಇನ್ನೂ ಬದುಕಿದ್ದ.

ಆಫ್ರಿಕಾದ ದಾರಿ ಪೋರ್ಚುಗಲ್ಲಿನ ಸೊತ್ತಾದ್ದರಿಂದ ಸ್ಪೇನಿಗೆ ಉಳಿದದ್ದು ಪಶ್ಚಿಮ ದಿಕ್ಕು ಮಾತ್ರ. ಜಿನೋವದ ಕೊಲಂಬಸ್ ಹೇಳಿದ ವಿಚಿತ್ರ ಲೆಕ್ಕಕ್ಕೆ ಸ್ಪೇನಿನ ರಾಣಿ ಕಿವಿಗೊಟ್ಟದ್ದಕ್ಕೆ ಇದೂ ಒಂದು ಕಾರಣ. ಆತ 1493ರಲ್ಲಿ ಮರಳಿದ ಕೂಡಲೇ ಜಗಳ ಹುಟ್ಟಿತು. ಪೋಪ್ ಆರನೇ ಅಲೆಕ್ಸಾಂಡರ್‌ರವರು ಸಾಗರದ ಮೇಲೆ ಒಂದು ಗೆರೆ ಎಳೆದರು. 1494ರಲ್ಲಿ ತೋರ್ದೆಸಿಲ್ಯಾಸ್ ಎಂಬಲ್ಲಿ ಎರಡು ರಾಜ್ಯಗಳೂ ಕುಳಿತು ಆ ಗೆರೆಯನ್ನು ಕೇಪ್ ವೆರ್ದೆ ದ್ವೀಪಗಳಿಂದ 370 ಲೀಗ್ ಪಶ್ಚಿಮಕ್ಕೆ ಸರಿಸಿಕೊಂಡವು. ಅಣ್ಣತಮ್ಮಂದಿರು ಹೊಲದ ಬದು ಹಾಕಿಕೊಂಡಂತೆ. ಹೊಲದಲ್ಲಿ ಬದುಕುತ್ತಿದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ.

ಗಾಮ 1497ರ ಜುಲೈ 8ರಂದು ನಾಲ್ಕು ಹಡಗುಗಳೊಂದಿಗೆ ಲಿಸ್ಬನ್ ಬಿಟ್ಟು, 1498ರ ಮೇ 20ರಂದು ಕಲ್ಲಿಕೋಟೆಯ ತೀರಕ್ಕೆ ಬಂದ. ಆತನ ಜನ ನೆಲದ ಮೇಲೆ ಮೊದಲು ಭೇಟಿಯಾದವರಲ್ಲಿ ಟ್ಯುನಿಸ್ ದೇಶದ ಇಬ್ಬರು ಮುಸ್ಲಿಮರಿದ್ದರು. ಅವರಿಗೆ ಸ್ಪೇನಿನ ಭಾಷೆಯೂ ಜಿನೋವದ ಭಾಷೆಯೂ ಬರುತ್ತಿತ್ತು. ಯಾರ ಕಣ್ಣು ತಪ್ಪಿಸಿ ಲೋಕ ಸುತ್ತಿ ಬಂದರೋ ಅವರೇ ಬಾಗಿಲಲ್ಲಿ ನಿಂತು ಏಕೆ ಬಂದಿರಿ ಎಂದು ಕೇಳಿದರು. ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂಬುದು ಉತ್ತರ. ಕ್ರೈಸ್ತರು ಸಿಕ್ಕರೆಂದೇ ಅವರು ಭಾವಿಸಿದರು: ಒಂದು ಹಿಂದೂ ದೇವಸ್ಥಾನವನ್ನು ಚರ್ಚ್ ಎಂದುಕೊಂಡು, ಒಳಗಿದ್ದ ವಿಗ್ರಹವನ್ನು ಮಾತೆ ಮರಿಯಮ್ಮನವರೆಂದು ತಿಳಿದು ಗಾಮ ಮತ್ತು ಸಂಗಡಿಗರು ಪ್ರಾರ್ಥನೆ ಮಾಡಿದರು. ನಿಜವಾದ ಸಂತ ತೋಮರ ಕ್ರೈಸ್ತರು ಅದೇ ಮಲಬಾರಿನಲ್ಲಿ ಶತಮಾನಗಳಿಂದ ಇದ್ದರು, ಮೆಣಸಿನ ವ್ಯಾಪಾರವನ್ನೂ ಮಾಡುತ್ತಿದ್ದರು. ಅವರ ಪರಿಚಯವಾದದ್ದು ಆಮೇಲೆ.

ಸಾಮೂದಿರಿ ರಾಜನಿಗೆಂದು ಗಾಮ ತೆಗೆದಿಟ್ಟ ಕಾಣಿಕೆಯ ಪಟ್ಟಿ ಉಳಿದಿದೆ: ಪಟ್ಟೆ ಬಟ್ಟೆ, ಕೆಂಪು ಕುಲಾವಿಗಳು, ಆರು ಟೋಪಿ, ಹವಳದ ಸರ, ಕೈತೊಳೆಯುವ ಬೋಗುಣಿಗಳು, ಸಕ್ಕರೆ, ಎಣ್ಣೆ, ಜೇನು. ರಾಜನ ಅಧಿಕಾರಿಗಳು ನೋಡಿ ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ತೀರ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ಕೊಡುವುದಾದರೆ ಚಿನ್ನ ಕೊಡಿ ಎಂದರು. ಹೊರಡುವಾಗ ಎಲ್ಲ ವರ್ತಕರಂತೆ ಸುಂಕ ಕಟ್ಟಿಹೋಗಿ ಎಂದು 600 ಶೆರಾಫಿನ್ ಕೇಳಿದರು. ಗಾಮ ಕಟ್ಟಲಿಲ್ಲ. ಕೆಲವರನ್ನು ಒತ್ತೆಯಾಳುಗಳಾಗಿ ಹಡಗಿಗೆ ಹತ್ತಿಸಿಕೊಂಡ, ಆಗಸ್ಟ್ ಕೊನೆಯಲ್ಲಿ ಹೊರಟೇಬಿಟ್ಟ. ಸುಂಕ ಕೊಡಬೇಕಲ್ಲ ಎಂದು ಅರ್ಧ ಭೂಮಿ ಸುತ್ತಿ ಬಂದವನಿಗೆ ಇಲ್ಲಿಯೂ ಸುಂಕ ಕೇಳಿದರೆ ಹೇಗಾಗಿರಬೇಡ! ಹೋಗುವ ದಾರಿಯಲ್ಲಿ ಒಂದು ದ್ವೀಪದ ಮೇಲೆ ದೇವಮಾತೆಯ ಹೆಸರಿನ ಕಲ್ಲುಕಂಬ ನೆಟ್ಟ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಿಗೆ ಆ ಹೆಸರು ಬಂದದ್ದು ಹೀಗೆಂದು ಹೇಳುತ್ತಾರೆ.

ಮುಂದೆ ಬಂದ ಹಡಗುಗಳಲ್ಲಿ ಬೋಗುಣಿಗಳ ಬದಲು ಫಿರಂಗಿಗಳು ಬಂದವು. ಸಂತೆಯಲ್ಲಿ ಬೆಲೆ ಕೊಟ್ಟು ಗೆಲ್ಲಲಾಗದವರು ಸಂತೆಯ ದಾರಿಗಳನ್ನು ಹಿಡಿಯಲು ನಿರ್ಧರಿಸಿದರು. ಗೋವೆಯನ್ನು ಅಲ್ಬುಕರ್ಕ್ ಪೂರ್ತಿಯಾಗಿ ಗೆದ್ದದ್ದು 1510ರ ನವೆಂಬರ್ 25ರಂದು, ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನರ ಹಬ್ಬದ ದಿನ. ಗೋವೆಯ ದೊಡ್ಡ ಪ್ರಧಾನಾಲಯ ಇಂದಿಗೂ ಆ ಸಂತಳ ಹೆಸರಿನಲ್ಲಿದೆ. ಮೆಣಸಿನ ಹಳೆಯ ಬಾಗಿಲಾದ ಅಲೆಕ್ಸಾಂಡ್ರಿಯದ ಹೆಸರು ಹೊಸ ಬಾಗಿಲಿಗೂ ಅಂಟಿಕೊಂಡಿತು! 1511ರಲ್ಲಿ ಮಲಾಕ್ಕ, 1515ರಲ್ಲಿ ಹೊರ್ಮುಜ್. ಇನ್ನು ಸಮುದ್ರದಲ್ಲಿ ಓಡಾಡುವ ಏಷ್ಯಾದ ಹಡಗುಗಳು ಪೋರ್ಚುಗೀಸರಿಂದ ‘ಕರ್ತಾಸ್’ ಎಂಬ ರಹದಾರಿ ಪಡೆಯಬೇಕು. ಹಡಗಿನ ಯಜಮಾನ ಯಾರು, ಎಲ್ಲಿಂದ ಎಲ್ಲಿಗೆ, ಆಯುಧ ಎಷ್ಟು ಎಂದು ಅದರಲ್ಲಿ ಬರೆದಿರುತ್ತಿತ್ತು. ಪೋರ್ಚುಗೀಸರ ಬಂದರಿಗೆ ಬಂದು ಸುಂಕ ಕಟ್ಟಬೇಕಿತ್ತು. ರಹದಾರಿ ಇಲ್ಲದ ಹಡಗನ್ನು ಸರಕಿನ ಸಮೇತ ಹಿಡಿಯುತ್ತಿದ್ದರು. ಸಾವಿರಾರು ವರ್ಷ ಎಲ್ಲರಿಗೂ ತೆರೆದಿದ್ದ ಕಡಲಿಗೆ ಇಂಥ ಸುಂಕದಕಟ್ಟೆ ಹೊಸದು. ಆ ರಹದಾರಿಯ ಮೇಲೆ ಯೇಸು ಮತ್ತು ಮರಿಯಮ್ಮನವರ ಚಿತ್ರಗಳಿರುತ್ತಿದ್ದವು. ಅಕ್ಬರನ ಆಸ್ಥಾನದ ಒಬ್ಬ ಮುಸ್ಲಿಂ ವಿದ್ವಾಂಸ, ಅಂತಹ ಚೀಟಿ ಹಿಡಿದು ಮೆಕ್ಕಾಕ್ಕೆ ಹೋಗಬೇಕಾದ ಕಾಲದಲ್ಲಿ ಹಜ್ ಯಾತ್ರೆ ಕಡ್ಡಾಯವಲ್ಲ ಎಂದು ತೀರ್ಪು ಕೊಟ್ಟನಂತೆ. ನಾವು ಮನೆಯ ಪೀಠದ ಮೇಲಿಟ್ಟು ಪ್ರಾರ್ಥಿಸುವ ಚಿತ್ರ ಅವರಿಗೆ ಸುಂಕದ ಮುದ್ರೆಯಾಗಿ ಪರಿಚಯವಾಯಿತು.

ನಮ್ಮ ಕರಾವಳಿಗೂ ಇದರ ಬಿಸಿ ತಟ್ಟಿತು. ಗೋವೆ ಗೆಲ್ಲಲು ಅಲ್ಬುಕರ್ಕನಿಗೆ ನೆರವಾದ ತಿಮೋಜ ಹೊನ್ನಾವರದವನು. ಅರಬ್ ದೇಶದ ಕುದುರೆಗಳು ಬರುವ ದಾರಿ ಪೋರ್ಚುಗೀಸರ ಕೈ ಸೇರಿದ್ದರಿಂದ, 1547ರಲ್ಲಿ ವಿಜಯನಗರವು ಗೋವೆಗೆ ಬಂದ ಕುದುರೆಗಳು ತನಗೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಬಾರದು ಎಂದು ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಗೋವೆಯ ಊಟದ ಅಕ್ಕಿ ಹೋಗುತ್ತಿದ್ದದ್ದು ಬಸರೂರು, ಮಂಗಳೂರು ಬಂದರುಗಳಿಂದ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಉಳ್ಳಾಲದ ರಾಣಿ ಅಬ್ಬಕ್ಕ ಅವರೊಂದಿಗೆ ಕಾದಾಡಿದಳು. 1568–69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸ್ ಕೋಟೆಗಳು ಎದ್ದವು. ಮುಂದೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಅವುಗಳನ್ನು ಕಿತ್ತುಕೊಂಡ.

ಇಷ್ಟೆಲ್ಲ ಮಾಡಿಯೂ ಬಾಗಿಲು ಭದ್ರವಾಗಲಿಲ್ಲ. 1513ರಲ್ಲಿ, ಪಾಸ್ಕ ಹಬ್ಬದ ಹಿಂದಿನ ಶನಿವಾರ, ಅಲ್ಬುಕರ್ಕ್ ಏಡನ್ ಕೋಟೆಗೆ ಏಣಿ ಹಾಕಿಸಿದ; ಏಣಿಗಳು ಮುರಿದವು, ಏಡನ್ ಸಿಗಲಿಲ್ಲ. ಕೆಂಪು ಸಮುದ್ರದ ಬಾಯಿ ತೆರೆದೇ ಉಳಿಯಿತು. 16ನೇ ಶತಮಾನದ ಮಧ್ಯಭಾಗಕ್ಕೆ ಮೆಣಸು ಮತ್ತೆ ಅಲೆಕ್ಸಾಂಡ್ರಿಯಕ್ಕೂ ವೆನಿಸ್ಸಿಗೂ ಹಿಂದಿನಷ್ಟೇ ಪ್ರಮಾಣದಲ್ಲಿ ಹರಿಯತೊಡಗಿತು.

ಸುವಾರ್ತೆ ಪ್ರಸಾರವೂ ಇದೇ ಹಡಗುಗಳಿಗೆ ಕಟ್ಟುಬಿದ್ದಿತ್ತು. ಹೊಸ ನಾಡುಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ಪೋರ್ಚುಗಲ್ ರಾಜನಿಗಿತ್ತು. ಗುರುಗಳ ಖರ್ಚು ನೋಡಿಕೊಳ್ಳುವ ಹೊಣೆಯೂ ಆತನದೇ. ಇದನ್ನೇ ಪದ್ರುವಾದೊ ಎನ್ನುತ್ತಾರೆ. ಸಂತ ಫ್ರಾನ್ಸಿಸ್ ಕ್ಸೇವಿಯರ್‌ರವರು 1541ರ ಏಪ್ರಿಲ್ 7ರಂದು ಲಿಸ್ಬನ್ನಿನಲ್ಲಿ ಹತ್ತಿದ್ದು ಹೊಸ ಗವರ್ನರನ ಹಡಗನ್ನು. 1542ರ ಮೇ 6ರಂದು ಅವರು ಗೋವೆಗೆ ಇಳಿದರು. ನಮ್ಮ ಪೂರ್ವಜರಿಗೆ ವಿಶ್ವಾಸವನ್ನು ತಂದ ಅನೇಕರು ಹೀಗೆಯೇ ಬಂದವರು. ಅವರ ತ್ಯಾಗವನ್ನು ನಾವು ಕಡಿಮೆಯಾಗಿ ಕಾಣುವುದಿಲ್ಲ. ಆದರೆ ಸಂತ ಕ್ಸೇವಿಯರ್‌ರವರೇ ರಾಜನ ಅಧಿಕಾರಿಗಳ ದುರಾಸೆಯ ಬಗ್ಗೆ ರಾಜನಿಗೆ ಖಾರವಾಗಿ ಬರೆದ ಪತ್ರಗಳಿವೆ. ಸುವಾರ್ತೆ ಮತ್ತು ಸುಂಕ ಒಂದೇ ಹಡಗಿನಲ್ಲಿ ಬಂದಾಗ ನೋಡುವವರಿಗೆ ಎರಡೂ ಒಂದೇ ಎನಿಸುವುದು ಸಹಜ; ಇಂದಿಗೂ ನಮ್ಮನ್ನು ಕೆಲವರು ಹಾಗೆ ನೋಡುತ್ತಾರೆ.

ಧರ್ಮಸಭೆಯೊಳಗೇ ಇದಕ್ಕೆ ಎದುರು ದನಿ ಇತ್ತು. ಅಮೆರಿಕಾದ ಮೂಲನಿವಾಸಿಗಳನ್ನಾಗಲಿ ಮುಂದೆ ಕ್ರೈಸ್ತರಿಗೆ ಪರಿಚಯವಾಗುವ ಯಾವ ಜನರನ್ನಾಗಲಿ, ಅವರು ಅಕ್ರೈಸ್ತರಾದರೂ, ಗುಲಾಮರನ್ನಾಗಿಸಬಾರದು, ಅವರ ಆಸ್ತಿ ಕಸಿಯಬಾರದು ಎಂದು ಪೋಪ್ ಮೂರನೇ ಪೌಲ್‌ರವರು 1537ರಲ್ಲೇ ಘೋಷಿಸಿದರು. ವ್ಯಾಪಾರ ಕೇಳಲಿಲ್ಲ. ಪೋಪ್ ಎರಡನೇ ಜಾನ್ ಪೌಲ್‌ರವರು 1992ರಲ್ಲಿ ಸೆನೆಗಲ್ ದೇಶದ ಗೊರೆ ದ್ವೀಪದಲ್ಲಿ ಗುಲಾಮ ವ್ಯಾಪಾರಕ್ಕಾಗಿ ಕ್ಷಮೆ ಬೇಡಿದರು. 2023ರ ಮಾರ್ಚ್ 30ರಂದು ವ್ಯಾಟಿಕನ್ನಿನ ಎರಡು ಆಡಳಿತ ವಿಭಾಗಗಳು ಒಟ್ಟಾಗಿ ಹೇಳಿಕೆ ನೀಡಿ, ಆ 15ನೇ ಶತಮಾನದ ಪತ್ರಗಳು ಮೂಲನಿವಾಸಿಗಳ ಸಮಾನ ಘನತೆಯನ್ನು ಸರಿಯಾಗಿ ಪ್ರತಿಬಿಂಬಿಸಲಿಲ್ಲ, ‘ಕಂಡುಹಿಡಿದವರಿಗೇ ಹಕ್ಕು’ ಎಂಬ ತತ್ವ ಕಥೋಲಿಕ ಬೋಧನೆಯ ಭಾಗವಲ್ಲ ಎಂದು ಅದನ್ನು ತಳ್ಳಿಹಾಕಿದವು.

ಪ್ರಸಾರ ಕಾರ್ಯವನ್ನು ರಾಜರ ಹಡಗುಗಳಿಂದ ಬಿಡಿಸುವ ಪ್ರಯತ್ನ ಬಹಳ ಹಿಂದೆಯೇ ಶುರುವಾಗಿತ್ತು. 1622ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮಿನಲ್ಲಿ ಪ್ರೊಪಗಾಂದ ಫೀದೆ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದು 1659ರಲ್ಲಿ ಪೂರ್ವ ದೇಶಗಳಿಗೆ ನೇಮಿಸಿದ ಫ್ರೆಂಚ್ ಧರ್ಮಾಧ್ಯಕ್ಷರಿಗೆ, ಪೋರ್ಚುಗೀಸರ ಹಡಗು ಹತ್ತಬೇಡಿ, ಅವರ ನೆಲವನ್ನು ಮುಟ್ಟಬೇಡಿ ಎಂದು ಸೂಚಿಸಿತು. ಹಾಗಾದರೆ ಹೋಗುವುದು ಹೇಗೆ? ಧರ್ಮಾಧ್ಯಕ್ಷ ಲಾಂಬೆರ್ ದ ಲ ಮೋತ್‌ರವರು 1660ರ ನವೆಂಬರಿನಲ್ಲಿ ಮಾರ್ಸೇಯಿಂದ ಹೊರಟು, ಸಿರಿಯದ ಅಲೆಪ್ಪೊದಲ್ಲಿ ವರ್ತಕರ ಸಾಲನ್ನು ಸೇರಿ, ಬಾಗ್ದಾದ್, ಬಸ್ರ, ಪರ್ಷಿಯ ದಾಟಿ, ಸೂರತ್ತಿಗೆ ಬಂದು, ಮಚಲಿಪಟ್ಟಣದ ಮೂಲಕ 1662ರಲ್ಲಿ ಸಯಾಮ್ ದೇಶವನ್ನು ಮುಟ್ಟಿದರು. ಅವರ ಹಿಂದೆಯೇ ಹೊರಟ ಧರ್ಮಾಧ್ಯಕ್ಷ ಕೊತೊಲೆಂದಿಯವರು ಅದೇ ವರ್ಷ ಮಚಲಿಪಟ್ಟಣದ ಬಳಿ ತೀರಿಕೊಂಡರು. ಅವರು ನಡೆದದ್ದು ಮೆಣಸಿನ ಆ ಹಳೆಯ ನೆಲದಾರಿಯಲ್ಲೇ, ಊರೂರಿಗೂ ಸುಂಕ ಕಟ್ಟುತ್ತಾ.